ನಿಂತ ಓದು ಮತ್ತೆ ಶುರುವಾಗುವಾಗ: ಓದುಗರ ಪ್ರಶ್ನೆ, ಮನೋಆರೋಗ್ಯ ತಂಡದ ಉತ್ತರ

ಈ ಸಲ ಕೊಡಗಿನಿಂದ ಬಂದ ಮೂರು ಪತ್ರಗಳನ್ನು ಆರಿಸಿಕೊಂಡಿದ್ದೇವೆ. ಕಾಯಿಲೆಯಿಂದಲೋ ಕುಡಿತದಿಂದಲೋ ಓದಿಗೆ ಅಡ್ಡಿಯಾದವರ ವಿಷಯ ಇವು. ಊರಿನ ಹೆಸರು ಬಿಟ್ಟು ಬೇರೆ ಗುರುತು ಹಾಕಿಲ್ಲ.

ಪ್ರಶ್ನೆ: ಮಗನಿಗೆ 22 ವರ್ಷ. ಮೂರು ವರ್ಷದ ಹಿಂದೆ ದ್ವಿತೀಯ ಪಿಯುಸಿಯಲ್ಲಿದ್ದಾಗ ಸ್ಕಿಜೋಫ್ರೀನಿಯಾ ಎಂದು ಗೊತ್ತಾಯಿತು. ಎರಡು ವಿಷಯ ಮಾತ್ರ ಪಾಸಾಗಿದೆ. ಈಗ ಮಾತ್ರೆ ತಪ್ಪಿಸುವುದಿಲ್ಲ, ಕಿವಿಯಲ್ಲಿ ಧ್ವನಿ ಕೇಳುವುದು ನಿಂತಿದೆ. ಓದುತ್ತೇನೆ ಎನ್ನುತ್ತಾನೆ. ಒತ್ತಡಕ್ಕೆ ಕಾಯಿಲೆ ಮರುಕಳಿಸೀತು ಎಂದು ಅವರಪ್ಪನಿಗೆ ಹೆದರಿಕೆ. ಪೂರ್ತಿ ಗುಣವಾಗಲಿ ಎಂದು ಕಾಯಬೇಕೆ?
– ತಾಯಿ, ಸೋಮವಾರಪೇಟೆ

ಉತ್ತರ: ಕಾಯಬೇಡಿ ತಾಯಿ. ಆದರೆ ಉಳಿದ ವಿಷಯಗಳೆಲ್ಲ ಒಟ್ಟಿಗೆ ಬೇಡ, ಒಂದರಿಂದ ಶುರುವಾಗಲಿ. ಮಾನಸಿಕ ಕಾಯಿಲೆ ಇರುವವರು ಓದಿಗೆ ಮರಳಲು ನೆರವಾಗುವ ‘ಬೆಂಬಲಿತ ಶಿಕ್ಷಣ’ ಎಂಬ ಪದ್ಧತಿ 1980ರ ದಶಕದಲ್ಲಿ ಅಮೆರಿಕದ ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡಿತು. ಅದರಲ್ಲಿ ಮೂರು ಹಂತ: ಏನು ಓದಬೇಕೆಂದು ಅವನೇ ಆರಿಸುವುದು, ಸೇರುವುದು, ಸೇರಿದ ಮೇಲೆ ಉಳಿಯುವುದು. ನಮ್ಮಲ್ಲಿ ಎಲ್ಲರ ಗಮನ ಸೇರಿಸುವುದರ ಮೇಲೇ. ಅಡ್ಮಿಷನ್ ಆಯಿತೆಂದು ಮನೆಯವರು ನಿರಾಳವಾಗುತ್ತಾರೆ, ಕೆಲವು ವಾರಗಳಲ್ಲಿ ಹುಡುಗ ಪುಸ್ತಕ ಮುಚ್ಚುತ್ತಾನೆ.

ಕಾರಣ ಸೋಮಾರಿತನವಲ್ಲ. ಧ್ವನಿಗಳು ನಿಂತರೂ ಈ ಕಾಯಿಲೆಯಲ್ಲಿ ಗಮನ, ನೆನಪು, ಗ್ರಹಿಸುವ ವೇಗ ಮೊದಲಿನಂತೆ ಇರುವುದಿಲ್ಲ. ಒಂದು ಪುಟ ಓದುವಷ್ಟರಲ್ಲಿ ಮೊದಲ ಸಾಲು ಮರೆತಿರುತ್ತದೆ. ಹಾಗಾಗಿ ದಿನಕ್ಕೆ 25 ನಿಮಿಷದ ಎರಡು ಸರದಿ ಸಾಕು. ಎರಡು ವಾರ ತಪ್ಪದೆ ನಡೆದರೆ ಮಾತ್ರ ಮೂರನೆಯದು. ಪ್ರತಿ ಸರದಿಯ ಕೊನೆಗೆ ಪುಸ್ತಕ ಮುಚ್ಚಿ ನೆನಪಿದ್ದಷ್ಟನ್ನು ಮೂರೇ ಸಾಲಿನಲ್ಲಿ ಬರೆಯಲಿ. ಬೆಳಗ್ಗೆ ತಲೆ ಭಾರ ಎಂದರೆ ರಾತ್ರಿಯ ಮಾತ್ರೆಯ ಮಂಪರು ಇರಬಹುದು. ಮಾತ್ರೆ ಬಿಡಿಸಬೇಡಿ, ಸಂಜೆ ಸ್ವಲ್ಪ ಬೇಗ ಕೊಡಬಹುದೇ ಎಂದು ಡಾಕ್ಟರನ್ನು ಕೇಳಿ.

ಅವನಿಗೆ ಹೊಂದುವುದು ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ. ಹೆಚ್ಚೆಂದರೆ ಇಷ್ಟೇ ವಯಸ್ಸು ಎಂಬ ಮಿತಿ ಅಲ್ಲಿಲ್ಲ. ನೋಂದಣಿ ಐದು ವರ್ಷ ನಡೆಯುತ್ತದೆ, ಒಂಬತ್ತು ಅವಕಾಶಗಳಿವೆ. ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್, ಹೀಗೆ ವರ್ಷಕ್ಕೆರಡು ಪರೀಕ್ಷೆ. ಒಮ್ಮೆಗೆ ಒಂದೇ ವಿಷಯ ಬರೆದರೂ ನಡೆಯುತ್ತದೆ. ಪಾಸಾದ ಎರಡು ವಿಷಯಗಳ ಅಂಕ ಅಲ್ಲಿಗೆ ವರ್ಗಾಯಿಸಲು ಅವಕಾಶವಿದೆ. ಅರ್ಜಿ ಹಾಕುವಾಗಲೇ ಅಂಕಪಟ್ಟಿ ಕೊಟ್ಟು ಇದನ್ನು ಕೇಳಿ, ಬೇಕಾದ ಮಾಧ್ಯಮ ಇದೆಯೇ ಎಂದೂ ನೋಡಿಕೊಳ್ಳಿ.

ನಿಮ್ಮ ಕಡೆಯ ಎರಡು ತೊಡಕು ಲೆಕ್ಕಕ್ಕಿರಲಿ. ಅಕ್ಟೋಬರ್ ಪರೀಕ್ಷೆಯ ತಯಾರಿ ಮಳೆಗಾಲಕ್ಕೆ ಬೀಳುತ್ತದೆ, ಆಗ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬುವಂತಿಲ್ಲ. ಪಾಠಗಳನ್ನು ಮೇ ಮುಗಿಯುವುದರೊಳಗೆ ಪ್ರಿಂಟ್ ಮಾಡಿಸಿಡಿ. ಏಪ್ರಿಲ್ ಪರೀಕ್ಷೆಯದು ಕಾಫಿ ಕೊಯ್ಲಿಗೆ ಬೀಳುತ್ತದೆ. ತೋಟಕ್ಕೆ ಹೋಗುವುದಿದ್ದರೆ ಹೋಗಲಿ, ಓದಿನ ಆ 25 ನಿಮಿಷದಲ್ಲಿ ಮಾತ್ರ ಚೀಲ ಹೊರಲು ಕರೆಯಬೇಡಿ.

ಒಂದು ಹಾಳೆಯಲ್ಲಿ ಅವನ ಕೈಯಲ್ಲೇ ಮುನ್ಸೂಚನೆಗಳನ್ನು ಬರೆಸಿ: ಎರಡು ರಾತ್ರಿ ನಿದ್ದೆ ಬಾರದಿರುವುದು, ಕೋಣೆಯ ಬಾಗಿಲು ಹಾಕಿಕೊಳ್ಳುವುದು, ಪಕ್ಕದವರು ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಎನ್ನುವುದು. ಕೆಳಗೆ ಯಾರಿಗೆ ಫೋನ್ ಮಾಡಬೇಕೆಂದು ಇರಲಿ. ಇವು ಕಂಡರೆ ಓದು ಒಂದು ವಾರ ನಿಲ್ಲಲಿ, ಡಾಕ್ಟರ ಭೇಟಿ ಮುಂದೂಡಬೇಡಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಸಮಾಜ ಕಾರ್ಯಕರ್ತರ ಹುದ್ದೆಯೂ ಇದೆ. ವಾರಕ್ಕೊಮ್ಮೆ ಅರ್ಧ ಗಂಟೆ ಓದಿನ ಬಗ್ಗೆ ಮಾತಾಡಲು ಅವರನ್ನೋ, ಮನೆಯ ಹೊರಗಿನ ಒಬ್ಬ ಮೇಷ್ಟ್ರನ್ನೋ ಗೊತ್ತುಮಾಡಿ. ಅಪ್ಪ ಅಮ್ಮ ಕೇಳಿದರೆ ಅದು ವಿಚಾರಣೆಯಾಗುತ್ತದೆ.

ಪ್ರಶ್ನೆ: 31 ವರ್ಷ. ಕುಡಿತ ಬಿಟ್ಟು ನಾಲ್ಕು ತಿಂಗಳಾಯಿತು, ಮತ್ತೆ ಕುಡಿಯದಂತೆ ತಡೆಯಲು ಕೊಡುವ ಡೈಸಲ್ಫಿರಾಮ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ದೂರಶಿಕ್ಷಣದಲ್ಲಿ ಬಿ.ಕಾಂ. ಸೇರಿದ್ದೇನೆ. ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ. ನಮ್ಮ ಸುಗ್ಗಿ ಹಬ್ಬ ಪುತ್ತರಿಯೂ ಹತ್ತಿರ ಬಂತು.
– ವಿರಾಜಪೇಟೆ

ಉತ್ತರ: ನೆನಪಿನ ಶಕ್ತಿ ಕುಡಿತ ಬಿಟ್ಟ ವಾರಗಳಲ್ಲಿ, ತಿಂಗಳುಗಳಲ್ಲಿ ನಿಧಾನಕ್ಕೆ ಸುಧಾರಿಸುತ್ತದೆ. ಥಯಾಮಿನ್, ಅಂದರೆ ಬಿ1 ವಿಟಮಿನ್ ಕೊರತೆ ಇದೆಯೇ ಎಂದು ಡಾಕ್ಟರನ್ನು ಕೇಳಿ. ಇಂದು ಓದಿದ್ದನ್ನು ನಾಳೆ, ಮೂರು ದಿನದ ಮೇಲೆ, ವಾರದ ಮೇಲೆ ನೋಡದೆ ಬರೆಯಿರಿ. ಅಕೌಂಟ್ಸ್ ಆದರೆ ಓದುವುದಕ್ಕಿಂತ ದಿನಕ್ಕೆ ಎರಡು ಲೆಕ್ಕ ಮಾಡಿ.

ಪುತ್ತರಿಗೆ ಹೋಗಿ, ಕದಿರು ತೆಗೆದು ಪಾಯಸ ಉಂಡು ಬನ್ನಿ. ಗ್ಲಾಸು ಹೊರಬರುವ ಮೊದಲು ಹೊರಡಲು ನಿಮ್ಮದೇ ಬೈಕೋ ಜೊತೆಗೊಬ್ಬ ನೆಂಟನೋ ಇರಲಿ. ಡೈಸಲ್ಫಿರಾಮ್ ಮೇಲೆ ಮನೆಯಲ್ಲಿ ಮಾಡಿದ ವೈನ್ ಒಂದು ಗುಟುಕೂ ಸಲ್ಲದು: ಮುಖ ಕೆಂಪೇರಿ, ವಾಂತಿ, ಎದೆಬಡಿತ ಬರುತ್ತದೆ, ಜೀವಕ್ಕೂ ಅಪಾಯವಾಗಬಹುದು. ಅರಿಷ್ಟ, ಆಸವ, ಕೆಲವು ಕೆಮ್ಮಿನ ಸಿರಪ್‌ಗಳಲ್ಲೂ ಮದ್ಯಸಾರ ಇರುತ್ತದೆ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಈ ಪರಿಣಾಮ ಇರಬಹುದು.

ಜಾರಿದರೆ ಕಾಲೇಜು ಬಿಡಬೇಡಿ. ಕುಡಿದ 12 ಗಂಟೆಯೊಳಗೆ ಆ ಮಾತ್ರೆ ನುಂಗಬೇಡಿ, ಅಂದೇ ಡಾಕ್ಟರಿಗೆ ತಿಳಿಸಿ. ಕೆಲವು ದಿನ ಸತತ ಕುಡಿದು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನ ಫಿಟ್ಸ್ ಬರುವ ಭಯ ಹೆಚ್ಚು. ಕೈ ನಡುಗಿ ಬೆವರಿದರೆ ಮನೆಯಲ್ಲಿ ಉಳಿಯದೆ ಆಸ್ಪತ್ರೆಗೆ ಹೋಗಿ. ರಾತ್ರಿ ಮಾತಾಡಲು ಯಾರೂ ಇಲ್ಲದಾಗ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೂ ಮಾತಾಡಬಹುದು. ಪರೀಕ್ಷೆ ಮುಗಿದ ದಿನವೂ ಜಾರುವ ಅಪಾಯ ಇರುತ್ತದೆ. ಆ ಸಂಜೆಗೆ ಮೊದಲೇ ಏನಾದರೂ ಕೆಲಸ ಗೊತ್ತುಮಾಡಿಕೊಳ್ಳಿ.

ಪ್ರಶ್ನೆ: ಮಗಳಿಗೆ ಬೈಪೋಲಾರ್, ಅಂದರೆ ಮನಸ್ಸು ಉನ್ಮಾದಕ್ಕೂ ಖಿನ್ನತೆಗೂ ಹೊರಳುವ ಕಾಯಿಲೆ. ಅದಕ್ಕೆ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಾಳೆ. ಕೈ ನಡುಗಿ ಬರೆಯಲು ಕಷ್ಟ. ಕಾಲೇಜಿಗೆ ಕಾಯಿಲೆಯ ಹೆಸರು ಹೇಳಲೇಬೇಕೆ?
– ತಂದೆ, ಗೋಣಿಕೊಪ್ಪ

ಉತ್ತರ: ಹೇಳಲೇಬೇಕಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ಚಿಕಿತ್ಸೆಯ ವಿವರ ಗೋಪ್ಯ. ನಂಬಿಕೆಯ ಒಬ್ಬ ಅಧ್ಯಾಪಕರಿಗೆ ಏನು ಬೇಕೆಂದಷ್ಟೇ ತಿಳಿಸಿ: ಆಸ್ಪತ್ರೆಯ ದಿನ ಹಾಜರಾತಿ ವಿನಾಯಿತಿ, ಬಾಗಿಲ ಹತ್ತಿರ ಸೀಟು, ತಪ್ಪಿದ ನೋಟ್ಸ್. ಅಂಗವೈಕಲ್ಯ ಪ್ರಮಾಣಪತ್ರದಲ್ಲಿ ಮಾತ್ರ ಕಾಯಿಲೆಯ ಬಗೆ ಕಾಣುತ್ತದೆ, ಬೇಕೋ ಬೇಡವೋ ಅವಳೇ ತೀರ್ಮಾನಿಸಲಿ. ಅದರಲ್ಲಿ ವೈಕಲ್ಯ 40% ಅಥವಾ ಹೆಚ್ಚು ಎಂದು ಬಂದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ 5% ಮೀಸಲು ಸೀಟುಗಳಿಗೆ ಅರ್ಹತೆ. ಬರೆಯಲು ತೊಂದರೆ ಇದೆಯೆಂದು ಸರ್ಕಾರಿ ಆಸ್ಪತ್ರೆಯ ಅಧಿಕೃತ ವೈದ್ಯಕೀಯ ಪ್ರಾಧಿಕಾರ ದೃಢೀಕರಿಸಿದರೆ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಕೇಳಬಹುದು.

ನಡುಕಕ್ಕೆ ಡಾಕ್ಟರು ಡೋಸ್ ಬದಲಿಸಬಹುದು, ಬೇರೆ ಮಾತ್ರೆ ಸೇರಿಸಬಹುದು. ಪರೀಕ್ಷೆಗೆ ಎರಡು ವಾರ ಮೊದಲು ರಕ್ತದಲ್ಲಿ ಲಿಥಿಯಂ ಮಟ್ಟ ನೋಡಿಸಿ, ರಕ್ತದ ಮಾದರಿ ಕೊಡುವುದು ಕೊನೆಯ ಮಾತ್ರೆ ನುಂಗಿ 12 ಗಂಟೆ ಕಳೆದಾಗ. ಕಾಫಿ ಹೆಚ್ಚಾದರೆ ನಡುಕ ಹೆಚ್ಚುತ್ತದೆ, ಒಮ್ಮೆಲೇ ಬಿಟ್ಟರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಹಾಗಾಗಿ ದಿನಾ ಕುಡಿಯುವಷ್ಟೇ ಕುಡಿಯಲಿ, ನಿದ್ದೆಗೆಟ್ಟು ಓದಲು ಕುಡಿಯುವುದು ಬೇಡವೇ ಬೇಡ. ನಿದ್ದೆಗೇಡೇ ಉನ್ಮಾದಕ್ಕೆ ದಾರಿ. ತಲೆನೋವಿಗೆ ಐಬುಪ್ರೊಫೆನ್ ಬೇಡ. ವಾಂತಿ-ಭೇದಿಯಾಗಿ ನಡುಕ ಜೋರಾದರೆ, ನಾಲಗೆ ತೊದಲಿದರೆ ಪರೀಕ್ಷೆ ಬಿಟ್ಟು ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ.