ಪಿಯುಸಿ ಓದುವ ನನ್ನ ತಮ್ಮ ರೂಮು ಬಿಟ್ಟು ಬರುತ್ತಿಲ್ಲ, ಡಾಕ್ಟರ್ ಅಂದರೆ ರೇಗುತ್ತಾನೆ. ಎಲ್ಲಿ ತೋರಿಸಲಿ? ಮುಂದೆ ಕೆಲಸಕ್ಕೆ ತೊಂದರೆ ಆಗುತ್ತಾ?

ಅವನು ಒಪ್ಪಲಿ ಅಂತ ಕಾಯಬೇಡಿ. ಮೊದಲ ಫೋನು ನೀವೇ ಮಾಡಿ. ಇಷ್ಟು ತಿಳಿಯುವಷ್ಟರಲ್ಲಿ ನಾವು ನಾಲ್ಕು ತಿಂಗಳು ಕಳೆದಿದ್ದೆವು.

ನಮ್ಮ ಮನೆಯದೂ ಹೆಚ್ಚುಕಡಿಮೆ ಇದೇ ಕಥೆ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆ ಮಾರ್ಕ್ಸ್ ಬಂತು ಅಂತ ತಮ್ಮನಿಗೆ ಸೈನ್ಸ್ ಕೊಡಿಸಿ ಹಾಸ್ಟೆಲಿಗೆ ಹಾಕಿದೆವು. ದಸರಾ ರಜೆಗೆ ಬಂದವನು ವಾಪಸ್ ಹೋಗಲಿಲ್ಲ. ಹೊಟ್ಟೆನೋವು ಅಂದ. ಸ್ಕ್ಯಾನಿಂಗ್ ಮಾಡಿಸಿದರೆ ಏನೂ ಇಲ್ಲ. ರಾತ್ರಿಯೆಲ್ಲ ಎಚ್ಚರ, ಹಗಲೆಲ್ಲ ಮುಸುಕು. ಅಮ್ಮ ಬಾಗಿಲ ಹತ್ತಿರ ಇಟ್ಟು ಬಂದ ಮುದ್ದೆ ಸಂಜೆಗೆ ಒಣಗಿ ಬಿರುಕು ಬಿಟ್ಟು ಹಾಗೇ ಇರುತ್ತಿತ್ತು. ಅತ್ತೆ ದೃಷ್ಟಿ ಆಗಿದೆ ಅಂದರು, ತಾಯತವೂ ಆಯಿತು. ಕಾಲೇಜಿನವರು ‘ಓದೋಕೆ ಸೋಮಾರಿತನ’ ಅಂದರು. ಡಾಕ್ಟರ್ ಹೆಸರೆತ್ತಿದರೆ ‘ನಾನೇನು ಹುಚ್ಚನಾ?’ ಅಂತ ಚಿಲಕ ಹಾಕಿಕೊಳ್ಳುತ್ತಿದ್ದ.

ಒಂದು ರಾತ್ರಿ ಹನ್ನೊಂದು ಗಂಟೆಗೆ ಹಿತ್ತಲಲ್ಲಿ ನಿಂತು 14416ಕ್ಕೆ ಫೋನ್ ಮಾಡಿದೆ. ಇದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಕಷ್ಟದಲ್ಲಿ ಇರುವವರೇ ಮಾಡಬೇಕು ಅಂತೇನಿಲ್ಲ, ಮನೆಯವರೂ ಮಾಡಬಹುದು. ನಾನು ಒಂದೇ ಸಮನೆ ತಮ್ಮನ ಬಗ್ಗೆ ಹೇಳುತ್ತಾ ಹೋದೆ. ಆ ಕಡೆಯಿದ್ದವರು ನಡುವೆ ‘ನೀವು ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನ ಆಯ್ತು?’ ಅಂದರು. ಬಟ್ಟೆ ಒಗೆಯೋ ಕಲ್ಲಿನ ಮೇಲೆ ಕೂತುಬಿಟ್ಟೆ.

ಅವತ್ತು ಕಲಿತದ್ದರಲ್ಲಿ ಎರಡು ಮಾತು ನಿಮಗೂ ಬೇಕು. ‘ಡಿಪ್ರೆಶನ್’ ಅಂತ ಶುರು ಮಾಡಬೇಡಿ, ಅವನಿಗೇ ಯಾವುದು ತೊಂದರೆ ಅನ್ನಿಸುತ್ತಿದೆಯೋ ಅದನ್ನೇ ಹಿಡಿಯಿರಿ. ನನ್ನ ತಮ್ಮನಿಗೆ ಅದು ನಿದ್ದೆ. ‘ನಿದ್ದೆಗೆ ಏನಾದ್ರೂ ಕೇಳ್ಕೊಂಡು ಬರೋಣ್ವಾ?’ ಅಂದಿದ್ದಕ್ಕೆ ಮೂರನೇ ದಿನ ಚಪ್ಪಲಿ ಮೆಟ್ಟಿದ. ಇನ್ನೊಂದು, ಸಾಯೋ ಯೋಚನೆ ಬರುತ್ತಾ ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ್ದನ್ನು ತಲೆಗೆ ತುಂಬಿದ ಹಾಗೆ ಆಗುತ್ತೆ ಅನ್ನೋದು ಸುಳ್ಳು. ನಾನು ಕೇಳಿದಾಗ ಅವನು ಗೋಡೆ ನೋಡುತ್ತಾ ‘ಒಂದೊಂದ್ಸಲ’ ಅಂದ. ಅವತ್ತೇ ಅಪ್ಪ ತೋಟಕ್ಕೆ ಹೊಡೆಯೋ ಔಷಧಿಯನ್ನೆಲ್ಲ ಚಿಕ್ಕಪ್ಪನ ಮನೆಗೆ ಸಾಗಿಸಿದರು. ನಿಮ್ಮ ಮನೆಯಲ್ಲೂ ಅಂಥದ್ದಿದ್ದರೆ, ಅಜ್ಜಿಯ ಮಾತ್ರೆ ಡಬ್ಬಿ ಸೇರಿ, ಇವತ್ತೇ ಅವನ ಕೈಗೆ ಸಿಗದ ಹಾಗೆ ಇಡಿ. ಈಗಲೇ ಏನಾದರೂ ಮಾಡಿಕೊಂಡಾನು ಅನ್ನಿಸಿದರೆ ಒಬ್ಬನನ್ನೇ ಬಿಡಬೇಡಿ, 108 ಕರೆಸಿ ಆಸ್ಪತ್ರೆಗೆ ಹೋಗಿ.

ತೋರಿಸೋಕೆ ಬೆಂಗಳೂರೇ ಆಗಬೇಕಿಲ್ಲ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಿ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಅಂತ ಒಂದು ಕಾರ್ಯಕ್ರಮವೂ ಇದೆ. ಹೊರಡುವ ಮೊದಲು ಫೋನ್ ಮಾಡಿ ಕೇಳಿಕೊಳ್ಳಿ. ನಾವು ಜಿಲ್ಲಾ ಆಸ್ಪತ್ರೆಗೆ ಹೋದಾಗ ಅಪ್ಪ ಯಾರಿಗೂ ಗುರುತು ಸಿಗಬಾರದು ಅಂತ ತಲೆ ಮೇಲೆ ಟವೆಲ್ ಎಳೆದುಕೊಂಡು ಕೂತಿದ್ದರು. ಪಕ್ಕದಲ್ಲಿ ಇನ್ನೊಂದು ಟವೆಲ್. ನೋಡಿದರೆ ನಮ್ಮೂರಿನವರೇ! ಇಬ್ಬರೂ ‘ಬಿಪಿ ಚೆಕ್ ಮಾಡಿಸೋಕೆ ಬಂದೆ’ ಅಂತ ಒಬ್ಬರಿಗೊಬ್ಬರು ಹೇಳಿಕೊಂಡರು.

ಕೇಸು ದೊಡ್ಡದು ಅನ್ನಿಸಿದರೆ ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್ ಇದೆ, ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್. ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆ, ಹದಿಹರೆಯದವರಿಗೆ ಬೇರೆಯೇ ವಿಭಾಗ ಇದೆ. ಬಿಪಿಎಲ್ ಕಾರ್ಡ್ ಇದ್ದರೆ ಮರೆಯದೆ ಒಯ್ಯಿರಿ, ಬೆಳಗ್ಗೆ ಬೇಗ ಹೋಗಿ.

ಖಾಸಗಿಯಾಗಿ ತೋರಿಸುವುದಾದರೆ ಬೋರ್ಡು ನೋಡಿ ಮೋಸ ಹೋಗಬೇಡಿ. ಮಾತ್ರೆ ಬರೆಯುವವರು ಮನೋವೈದ್ಯರು, ಅಂದರೆ ಎಂಬಿಬಿಎಸ್ ಮುಗಿಸಿ ಈ ವಿಷಯದಲ್ಲೇ ಮುಂದೆ ಓದಿದವರು. ಮಾತಿನ ಚಿಕಿತ್ಸೆಗೆ ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇದೆಯಾ ಅಂತ ಕೇಳಿ, ಸಂಕೋಚ ಬೇಡ. ನಾಲ್ಕು ದಿನದ ಕೋರ್ಸ್ ಮಾಡಿ ಕೌನ್ಸೆಲರ್ ಆದವರೂ ಇದ್ದಾರೆ. ಡಿಪ್ರೆಶನ್ ಮಾತ್ರೆ ಕೊಟ್ಟರೆ ಅದು ಕೆಲಸ ಮಾಡೋಕೆ ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರದಲ್ಲೇ ‘ಏನೂ ಪ್ರಯೋಜನ ಇಲ್ಲ’ ಅಂತ ಅಮ್ಮ ನಿಲ್ಲಿಸಲು ಹೊರಟಿದ್ದರು. ನಿಲ್ಲಿಸಬೇಕೋ ಬೇಡವೋ ಅಂತ ಡಾಕ್ಟರನ್ನೇ ಕೇಳಿ.

ಈಗ ನನ್ನ ತಮ್ಮ ನಮ್ಮೂರ ಹತ್ತಿರದ ಕಾಲೇಜಲ್ಲಿ ಕಾಮರ್ಸ್ ಓದುತ್ತಿದ್ದಾನೆ. ಒಂದು ವರ್ಷ ಹೋಯಿತು. ಹೋಗಲಿ ಬಿಡಿ.

ಕೆಲಸದ ಚಿಂತೆ ನಮ್ಮ ಅಪ್ಪನಿಗೂ ಇತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ರೋಗಿಯ ವಿಷಯ ಗುಟ್ಟಾಗಿ ಇಡಬೇಕು. ಆಸ್ಪತ್ರೆಯವರು ಕಾಲೇಜಿಗೋ ಕಂಪನಿಗೋ ಸುಮ್ನೆ ಹೇಳುವಂತಿಲ್ಲ. ಇದನ್ನು ಅಪ್ಪನಿಗೆ ಎರಡೆರಡು ಸಲ ಬಿಡಿಸಿ ಹೇಳಿದ್ದೇನೆ. ತಿಂಗಳ ಚೆಕಪ್ಪಿಗೆ ಈಗಲೂ ಟವೆಲ್ ತೆಗೆದುಕೊಂಡೇ ಹೊರಡುತ್ತಾರೆ.