ಬೊರೊಮಿರ್‌ನನ್ನು ಖಳರ ಸಾಲಿಗೆ ಸೇರಿಸುವ ಮುನ್ನ

ಪ್ರಿಯ ಓದುಗರೇ,

ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಓದಿ ಮುಗಿಸಿ ನೀವು ಬರೆದ ಪತ್ರ ತಲುಪಿದೆ. ಶತ್ರು ಸೌರಾನ್‌ನ ಮಾಯಾ ಉಂಗುರವನ್ನು ನಾಶಮಾಡಲು ಹೊರಟ ಫ್ರೋಡೊನಿಗೆ ಸಂಗಡಿಗನಾಗಿ ಬಂದ ಗೊಂಡೋರ್ ನಾಡಿನ ವೀರ ಬೊರೊಮಿರ್, ಅವನಿಂದಲೇ ಆ ಉಂಗುರ ಕಿತ್ತುಕೊಳ್ಳಲು ಹೋದ ಗಳಿಗೆಯಲ್ಲೇ ಖಳನಾದ, ಆಮೇಲೆ ಪ್ರಾಣ ಕೊಟ್ಟ ಮಾತ್ರಕ್ಕೆ ಆ ಕಳಂಕ ಅಳಿಯದು ಎಂಬುದು ನಿಮ್ಮ ವಾದ. ಇಷ್ಟು ನಿಷ್ಠುರವಾಗಿ ಓದುವವರು ನಮ್ಮ ಪತ್ರಿಕೆಗೆ ಇರುವುದು ಸಂತೋಷದ ಸಂಗತಿ. ಆದರೆ ನಿಮ್ಮ ತೀರ್ಪನ್ನು ನಾನು ಒಪ್ಪಲಾರೆ.

ನಿಮ್ಮ ಮಾತಿನಲ್ಲಿ ಸತ್ಯಾಂಶವಿದೆ. ಆ ಆಸೆ ಏಕಾಏಕಿ ಹುಟ್ಟಿದ್ದಲ್ಲ. ಉಂಗುರವನ್ನು ಶತ್ರುವಿನ ಮೇಲೆಯೇ ಏಕೆ ಬಳಸಬಾರದೆಂದು ಪಯಣಕ್ಕೆ ಮುನ್ನ ರಿವೆಂಡೆಲ್‌ನಲ್ಲಿ ನಡೆದ ಸಭೆಯಲ್ಲೇ ಅವನು ಕೇಳಿದ್ದ. ಅವನ ದುಡುಕಿನಿಂದ ಫ್ರೋಡೊ ತಂಡವನ್ನು ತೊರೆದು ಹೊರಟದ್ದೂ ನಿಜ.

ಆದರೆ ಆ ಉಂಗುರ ಯಾರನ್ನು ಹೇಗೆ ಹಿಡಿಯುತ್ತದೆಂಬುದನ್ನು ನೀವು ಗಮನಿಸಿದಿರಾ? ಅದು ಪ್ರತಿಯೊಬ್ಬರ ಒಳ್ಳೆಯತನದ ಬಾಗಿಲಿನಿಂದಲೇ ಒಳಹೊಗುತ್ತದೆ. ಮಾಂತ್ರಿಕ ಗ್ಯಾಂಡಾಲ್ಫ್ ಅದನ್ನು ಒಲ್ಲೆನೆಂದದ್ದು ತನ್ನ ಕರುಣೆಯೇ ತನ್ನನ್ನು ಕೆಡಿಸೀತೆಂಬ ಭಯದಿಂದ. ಫ್ರೋಡೊನ ಜೊತೆಗಾರ, ತೋಟಗಾರ ಸ್ಯಾಮ್‌ಗೆ ಅದು ತೋರಿಸಿದ್ದು ಶತ್ರುವಿನ ಬಂಜರು ನಾಡು ಮೊರ್ಡೋರ್ ಹೂವಿನ ತೋಟವಾಗುವ ಕನಸನ್ನು. ಬೊರೊಮಿರ್‌ಗೆ ಬೇಕಿದ್ದದ್ದು ತಲೆಮಾರುಗಳಿಂದ ಶತ್ರುವಿನ ಹೊಡೆತಕ್ಕೆ ಎದೆಯೊಡ್ಡಿ ನಿಂತ ತನ್ನ ಗೊಂಡೋರ್‌ನ ಉಳಿವು. ಇನ್ನು ಫ್ರೋಡೊನೋ, ಉಂಗುರವನ್ನು ಎಸೆಯಬೇಕಿದ್ದ ಮೌಂಟ್ ಡೂಮ್ ಬೆಟ್ಟದ ಬೆಂಕಿಯ ಬಾಯಲ್ಲಿ ನಿಂತು ಉಂಗುರ ತನ್ನದೆಂದೇ ಸಾರಿದ; ಉಂಗುರದ ಆಸೆಗೆ ಬೆನ್ನುಹತ್ತಿ ಬಂದಿದ್ದ ಗೊಲ್ಲಮ್ ಅವನ ಬೆರಳನ್ನೇ ಕಚ್ಚಿ ಅದನ್ನು ಕಿತ್ತುಕೊಂಡು ಆ ಬೆಂಕಿಗೆ ಬೀಳದಿದ್ದರೆ ಕಥೆಯ ಗತಿಯೇ ಬೇರೆಯಾಗುತ್ತಿತ್ತು. ನಿಮ್ಮ ಅಳತೆಗೋಲು ಹಿಡಿದರೆ ಅವನೂ ಖಳನೇ. ಆ ಕೊನೆಯ ಗಳಿಗೆಯ ಒತ್ತಡವನ್ನು ಯಾರೂ ತಡೆದುಕೊಳ್ಳಲಾರರು, ಫ್ರೋಡೊನದು ನೈತಿಕ ಸೋಲಲ್ಲ ಎಂದು ಟೋಲ್ಕಿನ್ 1963ರ ಪತ್ರವೊಂದರ ಕರಡಿನಲ್ಲಿ ವಿವರಿಸಿದ್ದಾರೆ.

ಈಗ ಬೊರೊಮಿರ್‌ನ ಕೊನೆಯನ್ನು ನಿಧಾನವಾಗಿ ನೋಡಿ. ಫ್ರೋಡೊ ಕಣ್ಮರೆಯಾದೊಡನೆ ಅವನು ಮುಗ್ಗರಿಸಿ ಬೀಳುತ್ತಾನೆ, ಅಳುತ್ತಾನೆ, ತನಗೆ ಹಿಡಿದಿದ್ದ ಹುಚ್ಚು ಬಿಟ್ಟಿತೆಂದು ಕೂಗಿ ಕರೆಯುತ್ತಾನೆ. ಬಳಿಕ ತಂಡದ ಮೆರ್ರಿ ಮತ್ತು ಪಿಪ್ಪಿನ್‌ರನ್ನು ಉಳಿಸಲು ಒಬ್ಬನೇ ಹೋರಾಡಿ, ಮೈತುಂಬ ಬಾಣ ನೆಟ್ಟು, ಮರಕ್ಕೊರಗಿ ಕುಳಿತವನ ಬಳಿಗೆ ತಂಡದ ನಾಯಕ ಆರಗೋರ್ನ್ ಬಂದಾಗ ಅವನು ಮೊದಲು ಹೇಳುವುದು ತನ್ನ ತಪ್ಪನ್ನು. ಅದನ್ನು ಕಣ್ಣಾರೆ ಕಂಡಿದ್ದ ಒಬ್ಬನೇ ಒಬ್ಬ, ಫ್ರೋಡೊ, ಆಗಲೇ ದೂರ ಹೋಗಿದ್ದ. ಬಾಯಿ ಮುಚ್ಚಿಕೊಂಡಿದ್ದರೆ ನಿಷ್ಕಳಂಕ ವೀರನೆಂಬ ಹೆಸರಿನೊಡನೆ ಸಾಯಬಹುದಿತ್ತು. ಯಾರೂ ಕೇಳದಿದ್ದರೂ ಒಪ್ಪಿಕೊಂಡ ಈ ಮನುಷ್ಯನನ್ನು ಖಳನೆಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ. ಆರಗೋರ್ನ್ ಆ ಮಾತುಗಳನ್ನು ಬಹುಕಾಲ ಗುಟ್ಟಾಗಿಟ್ಟ ಎಂಬುದನ್ನೂ ಮರೆಯಬೇಡಿ. ಇದಕ್ಕೆ ಪ್ರತಿಯಾಗಿ ದಾರಿ ತಪ್ಪಿದ ಮಾಂತ್ರಿಕ ಸಾರುಮಾನ್‌ನನ್ನು ನೋಡಿ: ಸೋತು ಗೋಪುರದಲ್ಲಿ ನಿಂತಾಗ ಗ್ಯಾಂಡಾಲ್ಫ್ ಹಿಂತಿರುಗುವ ದಾರಿ ತೋರಿಸಿದರೂ ಅವನು ಒಲ್ಲೆನೆನ್ನುತ್ತಾನೆ. ಖಳನೆಂಬ ಹೆಸರು ಸಲ್ಲಬೇಕಾದದ್ದು ಅವನಿಗೆ.

ಜೈನ ರಾಮಾಯಣವನ್ನು ಕನ್ನಡದಲ್ಲಿ ಬರೆದ ನಮ್ಮ ಹಳೆಯ ಕವಿ ನಾಗಚಂದ್ರ ಇದನ್ನು ಶತಮಾನಗಳ ಹಿಂದೆಯೇ ಬಲ್ಲವನಾಗಿದ್ದ. ಸೀತೆಯನ್ನು ಕಂಡು ರಾವಣನ ಮನಸ್ಸು ಜಾರಿದಾಗ, ಕಡಲೂ ಒಮ್ಮೆ ಕಾಲವಶದಿಂದ ಎಲ್ಲೆ ಮೀರದೇ ಎಂದು ಕವಿ ಕೇಳುತ್ತಾನೆ. ಮುಂದೆ ಮೂರ್ಛೆಹೋದ ಸೀತೆಯೆದುರು ಅದೇ ರಾವಣ ಪಶ್ಚಾತ್ತಾಪದಿಂದ ಕುಗ್ಗುವುದನ್ನೂ ಚಿತ್ರಿಸುತ್ತಾನೆ. ರಾವಣನಿಗೇ ಅಷ್ಟು ಕರುಣೆ ತೋರಿದ ಕಾವ್ಯದ ಓದುಗರು ನಾವು. ಆದರೂ ಈಚೆಗೆ ನಮ್ಮ ವಿಮರ್ಶೆಯೇ ನ್ಯಾಯಾಲಯದ ಕಟಕಟೆಯಾಗಿಬಿಟ್ಟಿದೆ. ಪಾತ್ರವೊಂದು ಎಡವಿದೊಡನೆ ಅದರ ಕೊರಳಿಗೆ ಹಣೆಪಟ್ಟಿ ಕಟ್ಟುತ್ತಾರೆ, ಮಕ್ಕಳಿಗಾಗಿ ಮರುಕಥನ ಮಾಡುವವರು ಒಳ್ಳೆಯವರನ್ನೂ ಕೆಟ್ಟವರನ್ನೂ ಬೇರೆ ಬೇರೆ ಪುಟಗಳಲ್ಲಿ ಕೂರಿಸುತ್ತಾರೆ, ತಪ್ಪೇ ಮಾಡದ ನಾಯಕನನ್ನು ಮಾತ್ರ ಪ್ರೀತಿಸಲು ಕಲಿಸುತ್ತಾರೆ. ನಿಮ್ಮಂಥ ಎಚ್ಚರದ ಓದುಗರೂ ಆ ಗುಂಪಿಗೆ ಸೇರುವುದು ನನಗೆ ನೋವಿನ ವಿಷಯ.

ಎರಡನೆಯ ಸಂಪುಟದ ಮೊದಲ ಅಧ್ಯಾಯವನ್ನು ಇನ್ನೊಮ್ಮೆ ಓದಿ, ನನಗೆ ಮತ್ತೆ ಬರೆಯಿರಿ. ನಿಮ್ಮ ಅಭಿಪ್ರಾಯ ಬದಲಾಗದಿದ್ದರೂ ಆ ಪತ್ರವನ್ನು ಪ್ರಕಟಿಸುತ್ತೇವೆ.

— ಸಂಪಾದಕ