ಓದುಗರ ಪ್ರಶ್ನೆ: ಪಾಠ ಮಾಡುತ್ತಲೇ ಪಠ್ಯಕ್ರಮದ ಬಗ್ಗೆ ಎಂ.ಎ. ಮಾಡಬಹುದೇ?

ಪ್ರಶ್ನೆ: ಮೇಡಂ, ನಮಸ್ಕಾರ. ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಹದಿನಾಲ್ಕು ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ. ಬಿ.ಎಸ್ಸಿ., ಬಿ.ಇಡಿ. ಆಗಿದೆ. ಪ್ರತಿ ವರ್ಷವೂ ಭಿನ್ನರಾಶಿ ಪಾಠಕ್ಕೆ ಬಂದರೆ ಮಕ್ಕಳು ಅಲ್ಲೇ ನಿಂತುಬಿಡುತ್ತಾರೆ. ಪಾಠವನ್ನು ಹೀಗೇ ಯಾಕೆ ಜೋಡಿಸಿದ್ದಾರೆ, ಬೇರೆ ಥರ ಜೋಡಿಸಿದರೆ ಏನಾಗುತ್ತೆ ಎಂದು ತಿಳಿಯುವ ಆಸೆ. ಪಠ್ಯಕ್ರಮದ ಬಗ್ಗೆ ಎಂ.ಎ. ಮಾಡೋಣ ಅಂದರೆ ಜೊತೆಯವರು ‘ಈ ವಯಸ್ಸಲ್ಲಿ ಯಾಕೆ, ಸಂಬಳ ಜಾಸ್ತಿ ಆಗುತ್ತಾ?’ ಎನ್ನುತ್ತಾರೆ. ಏನು ಮಾಡಲಿ?
– ಒಬ್ಬ ಶಿಕ್ಷಕಿ

ಉತ್ತರ: ಮಾಡಿ ಟೀಚರ್. ನಿಮ್ಮ ಕಾಗದ ಓದಿ ನನಗೆ ತುಂಬಾ ಖುಷಿಯಾಯಿತು. ಎಷ್ಟೋ ಜನ ಮೊದಲು ಕೋರ್ಸು ಸೇರುತ್ತಾರೆ. ಪ್ರಬಂಧ ಬರೆಯುವ ಹೊತ್ತಿಗೆ ಯಾವ ವಿಷಯ ತಗೊಳ್ಳಲಿ ಎಂದು ಹುಡುಕುತ್ತಾರೆ. ನಿಮ್ಮ ಹತ್ತಿರ ಪ್ರಶ್ನೆ ಆಗಲೇ ಇದೆ. ಅದೂ ಹದಿನಾಲ್ಕು ವರ್ಷ ಕಾಡಿದ ಪ್ರಶ್ನೆ.

ನನ್ನ ಕಥೆ ಹೇಳುತ್ತೇನೆ. ನಾನು ದೂರಶಿಕ್ಷಣದಲ್ಲಿ ಎಂ.ಎ. ಮಾಡಿದಾಗ ನಲವತ್ತೊಂದು ವರ್ಷ. ಆಗ ಮೂರನೇ ತರಗತಿಗೆ ಪಾಠ ಮಾಡುತ್ತಿದ್ದೆ. ಒಂದು ದಿನ ಉಕ್ತಲೇಖನದ ಥರ ಸಂಖ್ಯೆಗಳನ್ನು ಹೇಳಿ ಬರೆಸುತ್ತಿದ್ದೆ. ‘ಮುನ್ನೂರ ನಾಲ್ಕು’ ಅಂದೆ. ಒಬ್ಬ ಹುಡುಗಿ 3004 ಎಂದು ಬರೆದಳು. ಕೆಂಪು ಪೆನ್ನಲ್ಲಿ ತಪ್ಪು ಹಾಕಲು ಹೋದವಳು ಕೈ ತಡೆದು ಕೇಳಿದೆ, ‘ಯಾಕಮ್ಮಾ ಹೀಗೆ ಬರೆದೆ?’ ಅವಳು 300ರ ಮೇಲೆ ಬೆರಳಿಟ್ಟು ‘ಇದು ಮುನ್ನೂರು’ ಅಂದಳು. ಆಮೇಲೆ 4ರ ಮೇಲೆ ಬೆರಳಿಟ್ಟು ‘ಇದು ನಾಲ್ಕು’ ಅಂದಳು. ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೇ ಬರೆದಿದ್ದಳು. ಪಕ್ಕದ ಹುಡುಗನೂ ಹಾಗೇ ಬರೆದಿದ್ದ. ಹಿಂದಿನ ಬೆಂಚಿನಲ್ಲೂ ಇಬ್ಬರು.

ಆ ಪುಟಗಳೇ ನನ್ನ ಪ್ರಬಂಧವಾದವು. ಮೂರಂಕಿ ಸಂಖ್ಯೆ ಪುಸ್ತಕದಲ್ಲಿ ಯಾವಾಗ ಬರುತ್ತೆ? ಅದಕ್ಕೆ ಮುಂಚೆ ನೂರರ ಕಟ್ಟು, ಹತ್ತರ ಕಟ್ಟು, ಬಿಡಿ ಕಡ್ಡಿ ಹಿಡಿದು ಎಷ್ಟು ದಿನ ಆಡಿಸಿದ್ದೇವೆ? ನಡುವೆ ಸೊನ್ನೆ ಇರುವ ಸಂಖ್ಯೆಗಳಿಗೆ ಎಷ್ಟು ಲೆಕ್ಕ ಕೊಟ್ಟಿದ್ದೇವೆ? ಪಾಠದ ಕ್ರಮವನ್ನು ಸ್ವಲ್ಪ ಬದಲಿಸಿದೆ. ಮಕ್ಕಳು ಬರೆದದ್ದನ್ನು ಪ್ರತಿ ಶನಿವಾರ ತೆಗೆದಿಟ್ಟುಕೊಂಡು ಹೋಲಿಸಿದೆ. ಪಠ್ಯಕ್ರಮ ಸಂಶೋಧನೆ ಅಂದರೆ ಇದೇ. ಹೆಸರು ಕೇಳಿ ಹೆದರಬೇಡಿ.

ಇಂಗ್ಲೆಂಡಿನ ಶಿಕ್ಷಣ ತಜ್ಞ ಲಾರೆನ್ಸ್ ಸ್ಟೆನ್‌ಹೌಸ್ ಎಂಬವರು 1975ರಲ್ಲೇ ಈ ಮಾತನ್ನು ಬಿಡಿಸಿ ಬರೆದಿದ್ದಾರೆ. ಪಠ್ಯಕ್ರಮವನ್ನು ಮೇಲಿನಿಂದ ಬಂದ ಅಪ್ಪಣೆ ಎಂದು ಅವರು ನೋಡಲಿಲ್ಲ. ತರಗತಿಯಲ್ಲಿ ಪರೀಕ್ಷಿಸಿ ನೋಡಬೇಕಾದ ಸಲಹೆ ಎಂದು ನೋಡಿದರು. ಪರೀಕ್ಷಿಸುವವರು ಶಿಕ್ಷಕರೇ. ಕೋರ್ಸಿನಲ್ಲಿ ಅವರ ಹೆಸರು ಸಿಕ್ಕರೆ ನಿಂತು ಓದಿ.

ಆದರೆ ಇದಕ್ಕೆ ಇಂಗ್ಲೆಂಡಿಗೇ ಹೋಗಬೇಕಿಲ್ಲ. ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳಲ್ಲಿ ಕಾರ್ಡು, ಚಟುವಟಿಕೆ ಹಿಡಿದು ಕಲಿಸುವ ನಮ್ಮ ನಲಿ-ಕಲಿ ಇದೆಯಲ್ಲ, ಅದು 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದರು. ಆಮೇಲೆ ತಾವೇ ಕೂತು ಕಾರ್ಡುಗಳನ್ನು ಬರೆದರು. ಒಂದನೇ ತರಗತಿಯ ಮಗು ‘ಅ ಆ ಇ ಈ’ ಬಿಟ್ಟು ‘ರ ಗ ಸ ದ ಅ’ ಎಂದು ಯಾಕೆ ಶುರುಮಾಡುತ್ತೆ, ಯೋಚಿಸಿದ್ದೀರಾ? ಮೊದಲ ಕೆಲವು ಅಕ್ಷರ ಬಂದ ಕೂಡಲೇ ಮಗು ‘ಸರ’, ‘ದರ’, ‘ಗರಗಸ’ ಎಂದು ಪೂರ್ತಿ ಪದ ಓದುತ್ತೆ. ಐವತ್ತು ಅಕ್ಷರ ಮುಗಿಯಲಿ ಎಂದು ಕಾಯಬೇಕಿಲ್ಲ. ನೂರಾರು ವರ್ಷದ ವರ್ಣಮಾಲೆಯ ಸಾಲನ್ನೇ ತರಗತಿಗಾಗಿ ಬದಲಿಸಿದರಲ್ಲ, ಅದಕ್ಕಿಂತ ದೊಡ್ಡ ಪಠ್ಯಕ್ರಮದ ಕೆಲಸ ಯಾವುದಿದೆ! ನಿಮ್ಮ ಜೊತೆಯವರು ಮತ್ತೆ ‘ಯಾಕೆ’ ಎಂದರೆ ಇದನ್ನು ಹೇಳಿ.

ಇನ್ನು ಎಲ್ಲಿ ಮಾಡುವುದು ಎಂಬುದು. ಇಗ್ನೋದಲ್ಲಿ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ, ಶಿಕ್ಷಣದ ಎಂ.ಎ. ದೂರಶಿಕ್ಷಣದಲ್ಲಿದೆ. ಯಾವ ಪದವಿ ಆಗಿದ್ದರೂ ಸೇರಬಹುದು. ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 2006ರಲ್ಲಿ ಪ್ರಾಥಮಿಕ ಶಿಕ್ಷಣಕ್ಕೆಂದೇ ಒಂದು ಎಂ.ಎ. ಆರಂಭಿಸಿತು. ಕೆಲಸದಲ್ಲಿರುವವರು ಊರಲ್ಲೇ ಓದಿ, ಆಗಾಗ ಮುಂಬೈಗೆ ಹೋಗಿ ತರಗತಿಯಲ್ಲಿ ಕೂರುವ ಥರದ್ದಾಗಿತ್ತು. ಈ ವರ್ಷ ಪ್ರವೇಶ ಇದೆಯಾ, ಶುಲ್ಕ ಎಷ್ಟು ಎಂದು ನೇರವಾಗಿ ವಿಚಾರಿಸಿ. ಯಾವುದಕ್ಕೆ ಸೇರಿದರೂ ಓದು ಜಾಸ್ತಿ ಇಂಗ್ಲಿಷಿನಲ್ಲಿ. ಮೊದಲ ಎರಡು ತಿಂಗಳು ಕಷ್ಟವಾಗುತ್ತೆ. ನಾನು ಒಂದೊಂದು ಪುಟ ಓದಿ, ಪಕ್ಕದಲ್ಲಿ ಕನ್ನಡದಲ್ಲಿ ಎರಡು ಸಾಲು ಬರೆದುಕೊಳ್ಳುತ್ತಿದ್ದೆ. ಆ ಅಭ್ಯಾಸ ನನ್ನನ್ನು ದಾಟಿಸಿತು.

ಸಮಯದ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. ಇಗ್ನೋ ಲೆಕ್ಕದಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆ ಓದು. ನಾಲ್ಕು ಕ್ರೆಡಿಟ್‌ನ ಒಂದು ಪತ್ರಿಕೆಗೆ 120 ಗಂಟೆ. ವಾರಕ್ಕೆ ಎಂಟು ಗಂಟೆ ಇಟ್ಟರೆ ಹದಿನೈದು ವಾರ. ಆ ಎಂಟು ಗಂಟೆ ನಿಮ್ಮ ಮನೆಯಲ್ಲಿ ಎಲ್ಲಿಂದ ಬರುತ್ತೆ ಎಂದು ಮನೆಯವರ ಜೊತೆ ಕೂತು ಮಾತಾಡಿ. ನಾನು ಇದನ್ನು ಮಾಡದೆ ಮೊದಲ ವರ್ಷ ರಾತ್ರಿ ಹನ್ನೆರಡರವರೆಗೆ ಓದಿ, ಬೆಳಗ್ಗೆ ಮಕ್ಕಳ ಮೇಲೆ ರೇಗುತ್ತಿದ್ದೆ. ಈಗಲೂ ನೆನೆದರೆ ಬೇಜಾರಾಗುತ್ತೆ.

ಇಲಾಖೆಯ ಅನುಮತಿಯನ್ನು ಸೇರುವ ಮುಂಚೆಯೇ ಬರವಣಿಗೆಯಲ್ಲಿ ತಗೊಳ್ಳಿ. ಬಾಯಿಮಾತು ಸಾಲದು.

ಅರ್ಜಿ ಹಾಕುವ ಮುಂಚೆ ಇನ್ನೊಂದು ಕೆಲಸ. ಒಂದು ಇನ್ನೂರು ಪುಟದ ನೋಟ್‌ಬುಕ್ ತಗೊಳ್ಳಿ. ನಾಳೆಯಿಂದಲೇ ಮಕ್ಕಳ ತಪ್ಪುಗಳನ್ನು ಇದ್ದ ಹಾಗೇ ಬರೆದಿಡಿ. ಅರ್ಧಕ್ಕೆ ಮೂರನೇ ಒಂದು ಕೂಡಿಸಿ ಐದನೇ ಎರಡು ಎಂದು ಬರೆದ ಮಗು ನಿಮ್ಮ ತರಗತಿಯಲ್ಲಿ ಇದ್ದೇ ಇರುತ್ತೆ. ಮೇಲಿನದ್ದಕ್ಕೆ ಮೇಲಿನದ್ದು, ಕೆಳಗಿನದ್ದಕ್ಕೆ ಕೆಳಗಿನದ್ದು ಕೂಡಿಸಿರುತ್ತೆ. ‘ಅರ್ಧ ರೊಟ್ಟಿಗೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಆಗುತ್ತಾ?’ ಎಂದು ಕೇಳಿ ನೋಡಿ. ಮಗು ಕೊಟ್ಟ ಉತ್ತರವನ್ನು ಅದರ ಮಾತಲ್ಲೇ ಬರೆದುಕೊಳ್ಳಿ. ತಿಂಗಳಾದ ಮೇಲೆ ಆ ಪುಟಗಳಲ್ಲಿ ಏನು ಕಂಡಿತು ಎಂದು ನನಗೊಂದು ಕಾಗದ ಹಾಕಿ.

ಪ್ರಶ್ನೆ: ಎಂ.ಇಡಿ. ಒಳ್ಳೆಯದೋ, ಶಿಕ್ಷಣದ ಎಂ.ಎ. ಒಳ್ಳೆಯದೋ?
– ಒಬ್ಬ ಓದುಗ, ಹಾಸನ

ಉತ್ತರ: ಮುಂದೆ ಬಿ.ಇಡಿ. ಕಾಲೇಜಿನಲ್ಲಿ ಪಾಠ ಮಾಡುವ ಆಸೆಯಿದ್ದರೆ ಎಂ.ಇಡಿ. ಕಡೆ ನೋಡಿ. ಅದು ಎನ್‌ಸಿಟಿಇ (ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಕಾಲೇಜೇ ಆಗಿರಬೇಕು. ಈಗಿರುವ ತರಗತಿಯಲ್ಲೇ ಇದ್ದು ಅದನ್ನು ಅರ್ಥಮಾಡಿಕೊಳ್ಳುವ ಆಸೆಯಾದರೆ ಎಂ.ಎ. ಸಾಕು.